ಸಿಂಗಾಪುರದ ಪಕ್ಕದ ಹಸಿರು ಚುಕ್ಕೆ

ಹೆದರಿಕೆ ಅಂದರೆ ಎಂತದು ಅಂತ ನನ್ನನ್ನು ಕೇಳಿದರೆ ಹೋಟೆಲಿನ ಮೆನು ಕಾರ್ಡು ಅಂತ ಹೇಳುತ್ತೇನೆ. ನಗಬೇಡಿ. ಹೊನ್ನಾವರದ ಪೇಟೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಮದುವೆ ಕಾಗದ, ಬಿಲ್ ಬುಕ್ಕು, ಯಕ್ಷಗಾನದ ಆಟದ ಕರಪತ್ರ, ತೀರಿಕೊಂಡವರ ಬ್ಯಾನರು, ಎಲ್ಲ ಮಾಡುತ್ತೇನೆ. ಆದರೆ ಕುಮಟೆಯಿಂದ ಭಟ್ಕಳದವರೆಗೆ ಹೆದ್ದಾರಿ ಬದಿಯ ಹೋಟೆಲಿನವರು ನನ್ನನ್ನು ಹುಡುಕಿಕೊಂಡು ಬರುವುದು ಮೆನು ಕಾರ್ಡಿಗೆ. ಕೈಬರಹದಲ್ಲಿ ಗೀಚಿದ ಪಟ್ಟಿ ತಂದು ಮೇಜಿನ ಮೇಲೆ ಹಾಕಿ, "ಅಕ್ಕಾ, ಚಂದ ಮಾಡಿ ಕೊಡಿ, ಲ್ಯಾಮಿನೇಷನ್ ಗಟ್ಟಿ ಇರ್ಲಿ, ಸಾಂಬಾರು ಬಿದ್ರೂ ಒರೆಸೂಕೆ ಬರಬೇಕು" ಅನ್ನುತ್ತಾರೆ. ನಾನು ಟೈಪು ಮಾಡುತ್ತೇನೆ. ಅಮೇರಿಕನ್ ಚಾಪ್ಸಿ, ರಷ್ಯನ್ ಸಲಾಡ್, ಗೋಬಿ ಮಂಚೂರಿ, ಮೆಕ್ಸಿಕನ್ ರೈಸು. ಪಾಸ್‌ಪೋರ್ಟು ಇಲ್ಲದ ನಾನು ಕೂತಲ್ಲೇ ದಿನಕ್ಕೆ ಆರೇಳು ದೇಶ ಸುತ್ತಿ ಬರುತ್ತೇನೆ.

ಮೊದಲೆಲ್ಲ ಇದು ನನಗೆ ತಮಾಷೆಯಾಗಿತ್ತು. ತಮಾಷೆ ನಿಂತದ್ದು ಮೂರು ವರ್ಷದ ಹಿಂದೆ, ಒಂದು ಭಾನುವಾರ ಮಧ್ಯಾಹ್ನ.

ನಮ್ಮನೆಯವರು ಆಗ ಬೋಟಿನ ತಾಂಡೇಲರಾಗಿದ್ದರು. ಅಂದರೆ ಬೋಟು ನಡೆಸುವವರು, ಬಲೆ ಎಲ್ಲಿ ಬಿಡಬೇಕು ಅಂತ ಹೇಳುವವರು. ಹದಿನಾರನೇ ವಯಸ್ಸಿಂದ ಕಡಲಿನ ಮೇಲೇ ಇದ್ದವರು. ಆ ಭಾನುವಾರ ನಾನು ಶೆಟ್ಲಿ ಸುಕ್ಕ ಮಾಡಿದ್ದೆ. ಘಟ್ಟದ ಮೇಲಿನವರು ಸಿಗಡಿ ಅನ್ನುತ್ತಾರಲ್ಲ, ಅದೇ. ಎರಡನೇ ಸಲ ಬಡಿಸಿಕೊಂಡು ಉಂಡರು. ಕೈ ತೊಳೆದು ಬಂದವರು ಅಂಗೈ ತಿಕ್ಕತೊಡಗಿದರು. "ತುರಿಕೆ ಮಾರಾಯ್ತಿ" ಅಂದರು. ನಾನು ಪಾತ್ರೆ ಎತ್ತಿಟ್ಟು ತಿರುಗುವುದರೊಳಗೆ ಅವರ ತುಟಿ ನನಗೆ ಗುರುತೇ ಸಿಗದಷ್ಟು ಊದಿತ್ತು. ದನಿ ಬದಲಾಗಿತ್ತು. ಗಂಟಲಿನ ಒಳಗಿಂದ ಯಾರೋ ಬೇರೆಯವರು ಮಾತಾಡಿದ ಹಾಗೆ ಕೇಳಿತು. ಪಕ್ಕದ ಮನೆಯವರ ರಿಕ್ಷಾದಲ್ಲಿ ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು.

ಸೂಜಿ ಹಾಕಿ, ಮುಖಕ್ಕೆ ಮಾಸ್ಕು ಇಟ್ಟು, ಒಂದು ತಾಸಿನ ಮೇಲೆ ಡಾಕ್ಟರು ನನ್ನನ್ನು ಹೊರಗೆ ಕರೆದರು. "ಇನ್ನು ಮೇಲೆ ಶೆಟ್ಲಿ, ಏಡಿ ಏನೂ ಬೇಡ. ಮುಟ್ಟೂದೂ ಬೇಡ, ಕುದಿಸಿದ ಹಬೆಯೂ ಬೇಡ" ಅಂದರು. ನಾನು ಜಗಳಕ್ಕೇ ನಿಂತೆ. "ನಲವತ್ತು ವರ್ಷ ತಿಂದವರಿಗೆ ಈಗ ಆಗೂದಿಲ್ಲ ಅಂದ್ರೆ ಎಂತ ಡಾಕ್ಟ್ರೇ?" ಅವರು ಸಿಟ್ಟಾಗಲಿಲ್ಲ. ದೊಡ್ಡವರಾದ ಮೇಲೂ ಇದು ಬರುತ್ತದೆ, ಬಂದರೆ ಹೋಗುವುದು ಕಷ್ಟ ಅಂದರು. ಆಮೇಲೆ ಚೀಟಿ ಬರೆಯುತ್ತಾ ತಲೆ ಎತ್ತದೆ ಹೇಳಿದರು, "ಮುಂದಿನ ಸಲ ಆಸ್ಪತ್ರೆ ತನಕ ಸಮಯ ಸಿಗ್ತದೆ ಅಂತ ನಾನು ಹೇಳೂದಿಲ್ಲ."

ಆ ಒಂದು ಮಾತು ನನ್ನ ಹೊಟ್ಟೆಯೊಳಗೆ ಕೂತಿತು. ಇವತ್ತಿಗೂ ಎದ್ದಿಲ್ಲ.

ಕಡಲು ಬಿಡಬೇಕಾಯಿತು. ಬಲೆ ತುಂಬ ಶೆಟ್ಲಿ ಬರುವ ಬೋಟಿನ ಮೇಲೆ ಅವರು ನಿಲ್ಲುವುದು ಹೇಗೆ? ಒಂದು ಸಣ್ಣ ಗೂಡ್ಸ್ ಗಾಡಿ ಹಿಡಿದರು. ಭಟ್ಕಳ, ಹೊನ್ನಾವರ, ಕುಮಟೆ ಅಂತ ಅಂಗಡಿಗಳಿಗೆ ತಂಪು ಪಾನೀಯದ ಕ್ರೇಟು, ಬಿಸ್ಕೀಟಿನ ಪೆಟ್ಟಿಗೆ ಹಾಕುವುದು. ಊರಿನವರ ಬಾಯಿ ಸುಮ್ಮನಿರಬೇಕಲ್ಲ. ನನ್ನ ಅಬ್ಬೆಯೇ ಸಾಕು. ನನ್ನ ತವರೂರು ಬೆಳಕೆಯಲ್ಲಿ ಅಬ್ಬೆ ಈ ವಯಸ್ಸಿನಲ್ಲೂ ದಂಡೆಯಲ್ಲಿ ಮೀನು ಒಣಗಿಸುತ್ತಾಳೆ. ಅಳಿಯನ ಸುದ್ದಿ ಕೇಳಿ ಗಲ್ಲಕ್ಕೆ ಕೈ ಹಚ್ಚಿ, "ಕಡಲ ಮೇಲೆ ಬೆಳೆದವಂಗೆ ಶೆಟ್ಲಿ ಆಗೂದಿಲ್ವ? ಯಾರದೋ ಕಣ್ಣು ಬಿದ್ದದ್ದು ಮಗಾ, ದೃಷ್ಟಿ ತೆಗೆಸು" ಅಂದಳು. ನಾನು ತೆಗೆಸಿದೆ. ಮೆಣಸು, ಉಪ್ಪು ಒಲೆಗೆ ಹಾಕಿದೆ. ಆಮೇಲೆ ರುಬ್ಬುವ ಕಲ್ಲನ್ನು ಬಿಸಿನೀರು ಹಾಕಿ ಮೂರು ಸಲ ತೊಳೆದೆ, ಮೀನಿನ ಪಾತ್ರೆ, ಸೌಟು, ಹೆಂಚು ಎಲ್ಲ ಪಕ್ಕದ ಮನೆಗೆ ಕೊಟ್ಟೆ. ಎರಡನ್ನೂ ಒಂದೇ ಮನಸ್ಸಿನಿಂದ ಮಾಡಿದೆ, ಯಾವುದನ್ನೂ ಬಿಡುವ ಧೈರ್ಯ ನನಗಿರಲಿಲ್ಲ.

ಮನೆಯೊಳಗಿನದು ನನ್ನ ಕೈಯಲ್ಲಿತ್ತು. ಹೊರಗಿನದು? ಮಧ್ಯಾಹ್ನ ಹನ್ನೆರಡೂವರೆ ಆದರೆ ಸಾಕು, ನನ್ನ ಬೆರಳು ಕೀಬೋರ್ಡಿನ ಮೇಲೆ ನಿಂತುಬಿಡುತ್ತಿತ್ತು. ಈಗ ಎಲ್ಲಿದ್ದಾರೆ, ಎಂತ ತಿನ್ನುತ್ತಿದ್ದಾರೆ? ಬುತ್ತಿ ಕಟ್ಟಿ ಕೊಟ್ಟರೆ ಗಾಡಿಯ ಬಿಸಿಲಿಗೆ ಹಳಸಿ ಹೋಗುತ್ತದೆ ಅಂತ ವಾರಕ್ಕೆ ನಾಲ್ಕು ದಿನ ಬಿಟ್ಟು ಹೋಗುತ್ತಿದ್ದರು. ಹಾಗಾಗಿ ನಾನು ಟೈಪು ಮಾಡುವ ಒಂದೊಂದು ಹೆಸರನ್ನೂ ಅನುಮಾನದಿಂದ ನೋಡಲು ಶುರುಮಾಡಿದೆ. ಇದರೊಳಗೆ ಎಂತ ಇದೆ? ಇದು ಎಲ್ಲಿಂದ ಬಂತು? ಬಿಡುವಾದಾಗಲೆಲ್ಲ ಮೊಬೈಲಿನಲ್ಲಿ ಹುಡುಕುವುದು, ಅಡುಗೆಯವರನ್ನು ಕೇಳುವುದು, ಅದೇ ಕೆಲಸ.

ಹುಡುಕಿದಷ್ಟೂ ಸುಳ್ಳೇ ಸಿಕ್ಕಿತು. ಮಂಚೂರಿಯಾ ಅನ್ನುವ ಸೀಮೆಯಲ್ಲಿ ಗೋಬಿ ಮಂಚೂರಿ ಯಾರಿಗೂ ಗೊತ್ತಿಲ್ಲವಂತೆ. ಅದನ್ನು ಹುಟ್ಟಿಸಿದ್ದು ನಮ್ಮ ದೇಶಕ್ಕೆ ಬಂದು ನೆಲೆಸಿದ ಚೀನೀಯರು, ನಮ್ಮ ನಾಲಿಗೆಗೆ. ರಷ್ಯನ್ ಸಲಾಡು ರಷ್ಯಾದಲ್ಲೇ ಹುಟ್ಟಿದ್ದು ಹೌದು, ಆದರೆ ಮಾಡಿದವನು ಹೊರಗಿಂದ ಬಂದ ಬಾಣಸಿಗ. ಟರ್ಕಿ ಕೋಳಿಗೂ ಟರ್ಕಿಗೂ ಸಂಬಂಧವಿಲ್ಲ, ಅದು ಅಮೇರಿಕದ ಹಕ್ಕಿ. ಅಷ್ಟೇಕೆ, ಹಿತ್ತಿಲಲ್ಲಿ ಬೆಳೆಯುವ ನಮ್ಮ ಚೀನಿಕಾಯಿ, ಅಂದರೆ ಸಿಹಿಗುಂಬಳ ಕೂಡ ಚೀನಾದ್ದಲ್ಲ, ಅದರ ಬೇರೂ ಅಮೇರಿಕದ್ದೇ! ಬೇರೆ ಯಾರಾದರೂ ಆಗಿದ್ದರೆ ಇದನ್ನೆಲ್ಲ ಓದಿ ನಗುತ್ತಿದ್ದರು. ನಾನು ಮುಂದಿನ ಹೆಸರು ಹುಡುಕುತ್ತಿದ್ದೆ. ಹೆಸರೇ ಇಷ್ಟು ಸುಳ್ಳಾದರೆ ಇನ್ನು ಒಳಗಿನದನ್ನು ನಂಬುವುದು ಹೇಗೆ?

ಚೈನಾ ಗ್ರಾಸಿನ ಕತೆ ಹೇಳಿಬಿಡುತ್ತೇನೆ. ಭಟ್ಕಳದಲ್ಲಿ ಮನೆಯಲ್ಲೇ ಸಿಹಿ ಮಾಡಿ ಮಾರುವ ಒಬ್ಬ ನವಾಯತ ಹೆಂಗಸಿದ್ದಾರೆ. ಅವರ ಡಬ್ಬಿಯ ಲೇಬಲ್ಲು ನಾನೇ ಮಾಡಿಕೊಡುವುದು. ನಾನು ಅವರನ್ನು ಆಪಾ, ಅಂದರೆ ಅಕ್ಕಾ, ಅನ್ನುತ್ತೇನೆ. ರಮ್ಜಾನಿನಲ್ಲಿ ಎಳನೀರು ಹಾಕಿದ ಚೈನಾ ಗ್ರಾಸಿನ, ಜೆಲ್ಲಿಯಂಥ ಸಿಹಿಯ ಡಬ್ಬಿ ಕೊಟ್ಟು ಕಳಿಸಿದ್ದರು. ಮರುದಿನ ಇವರು ಗಾಡಿ ಹತ್ತುವ ಮೊದಲು ಒಂದು ದೊಡ್ಡ ಬಟ್ಟಲು ತಿಂದು ಹೋದರು. ಹುಲ್ಲು ತಾನೇ, ಅದೂ ಚೀನಾದ್ದು, ಅಂತ ನಾನೇ ಬಡಿಸಿದೆ. ಅಂಗಡಿಗೆ ಬಂದ ಮೇಲೆ ಲೇಬಲ್ಲಿನಲ್ಲಿ ಒಳಗಿನ ಸಾಮಾನು ಬರೆಯಬೇಕು ಅಂತ ಆಪಾಗೆ ಫೋನು ಮಾಡಿದೆ. "ಅದು ಹುಲ್ಲಲ್ಲ, ಸಮುದ್ರದಿಂದ ತೆಗೆಯೂದು" ಅಂದರು.

ಸಮುದ್ರ ಅಂದದ್ದಷ್ಟೇ ನನಗೆ ಕೇಳಿದ್ದು. ಫೋನು ಕೈಯಿಂದ ಜಾರಿ ಪ್ರಿಂಟರಿನ ಹಿಂದೆ ಬಿತ್ತು. ಹೆಕ್ಕಿ ಇವರಿಗೆ ಫೋನು ಮಾಡಿದರೆ ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಅಂಗಡಿಯಲ್ಲಿ ಇದ್ದ ಗಿರಾಕಿಗೆ "ಹೊರಗೆ ನಿಲ್ಲಿ" ಅಂತ ಕಿರುಚಿದೆನಂತೆ, ನನಗೆ ನೆನಪಿಲ್ಲ. ಐದನೇ ಸಲಕ್ಕೆ ಎತ್ತಿ, "ಎಂತ ಆತು? ಗಾಡಿಯಿಂದ ಕ್ರೇಟು ಇಳಿಸ್ತಾ ಇದ್ದೆ" ಅಂದರು. ತುಟಿ ಮುಟ್ಟಿ ನೋಡಿ ಅಂದೆ. ಅಂಗೈ ನೋಡಿ ಅಂದೆ. ಉಸಿರು ಎಳೆದು ಬಿಡಿ, ನನಗೆ ಕೇಳಬೇಕು ಅಂದೆ. ಪಾಪ, ಅಂಗಡಿಯ ಮುಂದೆ ನಿಂತು ಫೋನಿನೊಳಗೆ ಉಸಿರು ಬಿಟ್ಟರು. ಎಂತದೂ ಆಗಿರಲಿಲ್ಲ. ಆಪಾ ಆಮೇಲೆ ಸಮಾಧಾನ ಹೇಳಿದರು, "ಅದು ಕಡಲ ಪಾಚಿ ಬೆಹೆನ್, ಜೀವ ಇರೂ ಪ್ರಾಣಿ ಅಲ್ಲ. ಡರೋ ಮತ್." ಡಾಕ್ಟರೂ ಅದೇ ಹೇಳಿದರು. ಆದರೂ ಉಳಿದ ಡಬ್ಬಿಯನ್ನು ನಾನು ಮನೆಯಲ್ಲಿ ಇಟ್ಟುಕೊಳ್ಳಲಿಲ್ಲ.

ಅವತ್ತಿನಿಂದ ನನ್ನದೊಂದು ಪದ್ಧತಿ ಆಯಿತು. ಯಾರೇ ಮೆನು ತಂದರೂ ಅವರ ಅಡುಗೆಯವನ ನಂಬರು ಕೊಡಬೇಕು. ನಾನು ಫೋನು ಮಾಡಿ ಒಂದೊಂದನ್ನೇ ಕೇಳಿ, ಮೀನು ಮಾಂಸ ಇಲ್ಲದ್ದಕ್ಕೆ ಹಸಿರು ಚುಕ್ಕೆ, ಇದ್ದದ್ದಕ್ಕೆ ಕೆಂಪು ಚುಕ್ಕೆ ಹಾಕುತ್ತಿದ್ದೆ. ಮಾಲೀಕರಿಗೆ ಇದು ಚಂದ ಕಂಡಿತು, ದೊಡ್ಡ ಊರಿನ ಹೋಟೆಲಿನ ಹಾಗೆ ಕಾಣುತ್ತದೆ ಅಂತ. ನನಗೆ ಅವರ ಚಂದ ಕಟ್ಟಿಕೊಂಡು ಎಂತ ಆಗಬೇಕು? ಹೆದ್ದಾರಿಯ ಉದ್ದಕ್ಕೂ ಇವರು ಎಲ್ಲಿ ಕೂತರೂ ಕಣ್ಣಿಗೆ ಹಸಿರು ಬೀಳಬೇಕು, ಅಷ್ಟೇ. "ಹಸಿರು ಇದ್ದದ್ದು ಮಾತ್ರ" ಅಂತ ದಿನಾ ಬೆಳಿಗ್ಗೆ ಮಕ್ಕಳಿಗೆ ಹೇಳಿದ ಹಾಗೆ ಹೇಳಿ ಕಳಿಸುತ್ತಿದ್ದೆ. "ಆತು ಮಾರಾಯ್ತಿ, ಆತು" ಅಂತ ಗಾಡಿ ಹತ್ತುತ್ತಿದ್ದರು.

ಕುಮಟೆಯ ಬದಿಯ ಒಂದು ಹೊಸ ಹೋಟೆಲಿನ ಕಾರ್ಡು ಬಂದದ್ದು ಹೋದ ವರ್ಷ, ಮದುವೆ ಸೀಜನ್ನಿನ ನಡುವೆ. ಮೇಜಿನ ಮೇಲೆ ಹನ್ನೊಂದು ಮದುವೆ ಕಾಗದ ಬಾಕಿ ಇತ್ತು. ಪ್ರಿಂಟರು ಬೇರೆ ಹಲ್ಲು ಕಡಿಯುತ್ತಿತ್ತು. ಪಟ್ಟಿಯಲ್ಲಿ ಒಂದು ಕಡೆ "ಸಿಂಗಾಪುರ ನೂಡಲ್ಸ್" ಅಂತ ಇತ್ತು. ವೆಜ್ಜೋ ನಾನ್‌ವೆಜ್ಜೋ ಬರೆದಿರಲಿಲ್ಲ. ಅಡುಗೆಯವನಿಗೆ ಫೋನು ಮಾಡಿದೆ. ಅವನು ಭಟ್ಕಳ ಬದಿಯ ಮಾವಳ್ಳಿಯವನು, ಗೋವಾದಲ್ಲಿ ಕೆಲಸ ಮಾಡಿ ಬಂದವನು.

"ಮೀನು ಗೀನು ಎಂತದೂ ಇಲ್ಲ ಅಲ್ದಾ ತಮ್ಮಾ?"

"ಎಂತದೂ ಇಲ್ಲ ಅಕ್ಕಾ. ಕೋಳಿ ಇಲ್ಲ, ಮೊಟ್ಟೆ ಇಲ್ಲ, ಮೀನೂ ಇಲ್ಲ. ಬರೀ ತರಕಾರಿ."

ಹಸಿರು ಚುಕ್ಕೆ ಹಾಕಿದೆ. ಮುಂದಿನ ಸಾಲಿಗೆ ಹೋದೆ.

ಸುಮಾರು ಮೂರು ವಾರ ಕಳೆದಿರಬೇಕು. ಮಧ್ಯಾಹ್ನ ಒಂದೂವರೆಗೆ ಇವರ ನಂಬರಿನಿಂದ ಫೋನು ಬಂತು. ಎತ್ತಿದರೆ ದನಿ ಬೇರೆಯವರದು. "ಅಕ್ಕಾ, ಈ ಗಾಡಿಯವರು ನಿಮ್ಮನೆಯವರಾ? ಊಟ ಮಾಡ್ತಾ ಮಾಡ್ತಾ ಉಸಿರು ಕಟ್ಟಿತು. ಕುಮಟೆ ಆಸ್ಪತ್ರೆಗೆ ಕರ್ಕೊಂಡು ಹೋಗ್ತಾ ಇದ್ದೇವೆ." ಹಿಂದಿನಿಂದ ಒಂದು ಸದ್ದು ಕೇಳುತ್ತಿತ್ತು. ಅದು ಇವರು ಉಸಿರು ಎಳೆಯುವ ಸದ್ದು. ಗಾಳಿ ಒಳಗೆ ಹೋಗಲು ಜಾಗ ಹುಡುಕುವ ಹಾಗೆ, ಸಣ್ಣಕ್ಕೆ, ಸಿಳ್ಳೆಯ ಹಾಗೆ.

ಅಂಗಡಿಯ ಬಾಗಿಲು ಹಾಕಿದೆನೋ ಇಲ್ಲವೋ ಗೊತ್ತಿಲ್ಲ. ಸ್ಕೂಟರು ಹೆದ್ದಾರಿಗೆ ಬಂದದ್ದು ಗೊತ್ತು. ಕರ್ಕಿ ದಾಟುವಾಗ ಮುಂದೆ ಒಂದು ಕಂಟೇನರ್ ಲಾರಿ, ಪಕ್ಕಕ್ಕೆ ಬಾರದು, ಬೇಗನೂ ಹೋಗದು. ಹಾರ್ನು ಒತ್ತಿ ಒತ್ತಿ ಹೆಬ್ಬೆರಳು ಮರಗಟ್ಟಿತು. ಅವನಿಗೂ ಅವನ ಮನೆತನಕ್ಕೂ ಬಾಯಿಗೆ ಬಂದಂತೆ ಬೈದೆ. ಬೈಗುಳದ ನಡುವೆ ದೇವರ ಹೆಸರು, ದೇವರ ಹೆಸರಿನ ನಡುವೆ ಬೈಗುಳ. ತಲೆಯೊಳಗೆ ಡಾಕ್ಟರು ಚೀಟಿ ಬರೆಯುತ್ತಾ ಹೇಳಿದ ಮಾತು ಒಂದೇ ಸಮನೆ ಓಡುತ್ತಿತ್ತು. ಸಮಯ ಸಿಗ್ತದೆ ಅಂತ ಹೇಳೂದಿಲ್ಲ. ಸಿಗಲಿಲ್ಲವೆಂದರೆ ಯಾರು ಫೋನು ಮಾಡುತ್ತಾರೆ? ಫೋನು ಕಿಸೆಯಲ್ಲಿ ಅಲುಗಿತು. ಗಾಡಿ ನಿಲ್ಲಿಸಿ ನೋಡುವ ಧೈರ್ಯ ಬರಲಿಲ್ಲ. ನೋಡದೇ ಇದ್ದಷ್ಟು ಹೊತ್ತು ಇವರು ಬದುಕಿದ್ದಾರೆ ಅಂದುಕೊಂಡು ಕುಮಟೆಯವರೆಗೆ ಹೋದೆ.

ಬದುಕಿದ್ದರು. ಕಣ್ಣು ಸಣ್ಣ ಗೆರೆಯಾಗಿ, ಮುಖವೆಲ್ಲ ಊದಿ, ಮಾಸ್ಕಿನೊಳಗೆ ಉಸಿರು ಆಡುತ್ತಿತ್ತು. ಇನ್ನು ಹತ್ತು ನಿಮಿಷ ತಡವಾಗಿದ್ದರೆ ಕಷ್ಟ ಇತ್ತು ಅಂದರು ಅಲ್ಲಿನ ಡಾಕ್ಟರು. ನಾನು ಮಂಚದ ಕಂಬಿ ಹಿಡಿದು ನಿಂತೆ. "ಇವರು ಎಂತ ತಿಂದದ್ದು ಅಂತ ಸರಿಯಾಗಿ ತಿಳ್ಕೊಂಡು ಬನ್ನಿ, ಬರೆದು ಇಡ್ಬೇಕು" ಅಂದರು. ಕರೆದುಕೊಂಡು ಬಂದಿದ್ದ ಹೋಟೆಲಿನ ಸಪ್ಲಾಯರು ಅಲ್ಲೇ ಗೋಡೆಗೆ ಒರಗಿದ್ದ. ಹೆದರಿ ಅವನ ಮುಖ ಬೆಳ್ಳಗಾಗಿತ್ತು. "ಸಿಂಗಾಪುರ ನೂಡಲ್ಸ್ ಅಕ್ಕಾ" ಅಂದ.

ಡಾಕ್ಟರು ಇನ್ನು ಭಯವಿಲ್ಲ ಅಂದ ಮೇಲೆ ಹೋಟೆಲಿಗೆ ಹೋದೆ. ಮಾಲೀಕರು ಕುರ್ಚಿ ಎಳೆಯುವ ಮೊದಲೇ ನಾನು ಅಡುಗೆಮನೆಯೊಳಗೆ ಇದ್ದೆ. ಆ ಮಾವಳ್ಳಿಯ ಅಡುಗೆಯವನು ಕೈ ಮುಗಿದ. "ಅಕ್ಕಾ, ದೇವ್ರಾಣೆ ಮೀನು ಎಂತದೂ ಹಾಕ್ಲಿಲ್ಲ." ಮಾಡಿ ತೋರಿಸು ಅಂದೆ. ಕಾವಲಿಗೆ ಎಣ್ಣೆ ಹೊಯ್ದ. ಕೋಸು, ಗಜ್ಜರಿ, ಕ್ಯಾಪ್ಸಿಕಂ ಹಾಕಿದ. ಅರಿಶಿನದ ಬಣ್ಣದ ಕರ್ರಿ ಮಸಾಲೆ ಪುಡಿ ಹಾಕಿದ. ಆಮೇಲೆ ಕೈ ಚಾಚಿ ಮೇಲಿನ ಹಲಗೆಯಿಂದ ಒಂದು ಸ್ಟೀಲಿನ ಡಬ್ಬಿ ತೆಗೆದು, ಉಪ್ಪು ಹಾಕುವ ಹಾಗೆ ಎರಡು ಚಿಟಿಕೆ ಉದುರಿಸಿದ.

ವಾಸನೆ ಬಂತು. ಆ ವಾಸನೆಯಲ್ಲೇ ಬೆಳೆದವಳು ನಾನು.

"ಇದೆಂತದ?"

"ಇದಾ? ಒಣ ಶೆಟ್ಲಿ ಪುಡಿ. ರುಚಿಗೆ."

"ಮೀನು ಇಲ್ಲ ಅಂದ್ಯಲ್ಲೋ!"

ಅವನು ನಿಜವಾಗಿ ಗೊಂದಲಕ್ಕೆ ಬಿದ್ದ. "ಅಕ್ಕಾ, ಪುಡಿ ಅಲ್ದಾ ಅದು? ಪುಡಿ ಯಾರು ಮೀನು ಅಂತ ಲೆಕ್ಕ ಹಿಡಿತ್ರು?"

ಹೊಡೆಯಲು ಎತ್ತಿದ ಕೈ ಅಲ್ಲೇ ನಿಂತಿತು. ಅವನು ಹೇಳಿದ್ದರಲ್ಲಿ ಸುಳ್ಳೇ ಇರಲಿಲ್ಲ. ನಮ್ಮ ದಂಡೆಯ ಮನೆಗಳಲ್ಲಿ ಅದನ್ನು ಯಾರೂ ಮೀನು ಅಂತ ಎಣಿಸುವುದಿಲ್ಲ. ಮನೆಯಲ್ಲಿ ಮೀನು ಇಲ್ಲದ ದಿನವೇ ಅದನ್ನು ತೆಗೆಯುವುದು. "ಇವತ್ತು ಮೀನಿಲ್ಲ, ಬರೀ ಗಂಜಿ" ಅಂತ ಹೇಳಿ ಅಬ್ಬೆ ಕಾಯಿತುರಿಯ ಜೊತೆ ಆ ಪುಡಿ ರುಬ್ಬಿ ಚಟ್ನಿ ಮಾಡುತ್ತಿದ್ದಳು. ಬದನೆ ಪಲ್ಯಕ್ಕೂ ಒಂದು ಚಿಟಿಕೆ, ಸೊಪ್ಪಿಗೂ ಒಂದು ಚಿಟಿಕೆ. ಘಟ್ಟದ ಮೇಲಿನ ಹೆಂಗಸೊಬ್ಬಳು ಫೋನು ಮಾಡಿದ್ದರೆ ಅವಳಿಗೆ ಗೊತ್ತಾಗುತ್ತಿರಲಿಲ್ಲ. ನನಗೆ ಗೊತ್ತಿತ್ತು. ಕೇಳಬೇಕಾದ ಪ್ರಶ್ನೆ ನನಗೆ ಹುಟ್ಟಿದಾಗಿನಿಂದ ಗೊತ್ತಿತ್ತು. ಸಿಂಗಾಪುರ ಅನ್ನುವ ಹೆಸರು ಅಷ್ಟು ದೂರ ಇತ್ತು ನೋಡಿ, ಅದರೊಳಗೆ ನಮ್ಮ ದಂಡೆ ಇರಬಹುದು ಅಂತ ಹೊಳೆಯಲೇ ಇಲ್ಲ. ಸಿಂಗಾಪುರದಲ್ಲಿ ಈ ಹೆಸರಿನ ನೂಡಲ್ಸ್ ಹುಟ್ಟಲೇ ಇಲ್ಲ, ಹಾಂಗ್‌ಕಾಂಗಿನ ಅಡುಗೆಯವರು ಇಟ್ಟ ಹೆಸರು ಅನ್ನುತ್ತಾರೆ ಅಂತ ಆಮೇಲೆ ಓದಿದೆ. ಓದಿ ಎಂತ ಆಗಬೇಕಿತ್ತು?

"ಒಳ್ಳೆ ಮಾಲು ಅಕ್ಕಾ, ಬೆಳಕೆ ಬದಿಯಿಂದ ತರಿಸೂದು" ಅಂದ ಅವನು, ನನ್ನನ್ನು ಸಮಾಧಾನ ಮಾಡಲು.

ಬೆಳಕೆಯಲ್ಲಿ ಯಾರಿಂದ ಅಂತ ನಾನು ಕೇಳಲಿಲ್ಲ. ಒಣಗಿಸುವವರು ಅಲ್ಲಿ ಇಪ್ಪತ್ತು ಮನೆಯವರಿದ್ದಾರೆ. ಕೇಳುವ ಧೈರ್ಯ ನನಗೆ ಇವತ್ತಿಗೂ ಇಲ್ಲ.

ಹೊರಗೆ ಬಂದು ಮಾಲೀಕರಿಗೆ ಹೇಳಿದೆ, ಕಾರ್ಡು ಎಲ್ಲ ವಾಪಸ್ಸು ಕೊಡಿ, ಒಣ ಶೆಟ್ಲಿ ಹಾಕಿದ್ದು ಅಂತ ಹೆಸರಿನ ಕೆಳಗೆ ಬರೆದು ಬೇರೆ ಮಾಡಿ ಕೊಡುತ್ತೇನೆ. ಅವರು ಮುಖ ಸಣ್ಣದು ಮಾಡಿದರು. "ಕೆಂಪು ಚುಕ್ಕೆ ಬೇಕಾದ್ರೆ ಹಾಕಿ ಅಕ್ಕಾ. ಒಣ ಶೆಟ್ಲಿ ಅಂತ ಬರೆದ್ರೆ ಸಿಂಗಾಪುರ ಅಂತ ಯಾರು ತಿಂತ್ರು? ಮನೆಯಲ್ಲಿ ಸಿಗೂದಿಲ್ವ ಅದು?" ಮೇಜು ಮೇಜಿಗೆ ಹೋಗಿ, ಉಣ್ಣುತ್ತಿದ್ದವರ ಕೈಯಿಂದಲೂ ಕಿತ್ತುಕೊಂಡು, ಇದ್ದ ಕಾರ್ಡುಗಳನ್ನೆಲ್ಲ ಚೀಲಕ್ಕೆ ತುಂಬಿದೆ. ಅವರು ತಡೆಯಲಿಲ್ಲ. ನನ್ನ ಮುಖ ಹಾಗಿದ್ದಿರಬೇಕು.

ಆಸ್ಪತ್ರೆಗೆ ವಾಪಸ್ಸು ಬಂದಾಗ ಸಂಜೆ ಐದು. ಮಾಸ್ಕು ತೆಗೆದಿದ್ದರು. ಇವರು ದಿಂಬಿಗೆ ಒರಗಿ ಗಂಜಿನೀರು ಕುಡಿಯುತ್ತಿದ್ದರು. ತುಟಿ ಇನ್ನೂ ದಪ್ಪ ಇತ್ತು, ಲೋಟದ ಅಂಚಿನಿಂದ ನೀರು ಸೋರುತ್ತಿತ್ತು. ಒರೆಸಿದೆ. ಹೇಳದೇ ಇರಬಹುದಿತ್ತು. ಅಡುಗೆಯವನ ತಪ್ಪು ಅಂದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಒಳಗೆ ಇಟ್ಟುಕೊಂಡರೆ ನನ್ನ ಉಸಿರೇ ನಿಂತುಹೋಗುತ್ತದೆ ಅನ್ನಿಸಿತು.

"ಆ ಹಸಿರು ಚುಕ್ಕೆ ನಾನು ಹಾಕಿದ್ದು. ಪುಡಿ ಹಾಕ್ತ್ರಾ ಅಂತ ಕೇಳ್ಬೇಕಿತ್ತು. ಕೇಳ್ಲಿಲ್ಲ. ನಿಮ್ಮನ್ನು ನಾನೇ ಕೊಲ್ತಿದ್ದೆ."

ಅವರು ಗಂಜಿನೀರಿನ ಲೋಟ ಕೆಳಗಿಟ್ಟರು. ಮಾತು ಇನ್ನೂ ತೊದಲುತ್ತಿತ್ತು.

"ಸಪ್ಲಾಯರ್ನ ಕೇಳುವಾ ಅಂತಿದ್ದೆ, ಇದ್ರಲ್ಲಿ ಎಂತ ಹಾಕ್ತ್ರಿ ಅಂತ. ಕಾರ್ಡಿನ ಮೂಲೆಯಲ್ಲಿ ಸಣ್ಣಕ್ಕೆ ನಿನ್ನ ಅಂಗಡಿ ಹೆಸರು ಕಂಡ್ತು. ಮತ್ತೆ ಕೇಳ್ಲಿಲ್ಲ."